ಬೀಗ ಹಾಕಿದ ಹಾಡುಗಳ ಪಾಡು

ಹಾಡಿನ ಹೆಸರು ಪರದೆಯ ಮೇಲೆ ಒಂದು ಕ್ಷಣ ಮೂಡುತ್ತದೆ, ಅವಧಿಯ ಜಾಗದಲ್ಲಿ ಸೊನ್ನೆಗಳು ಕಾಣುತ್ತವೆ, ಅಷ್ಟರಲ್ಲೇ ಪ್ಲೇಯರ್ ಮುಂದಿನ ಹಾಡಿಗೆ ಜಿಗಿದುಬಿಡುತ್ತದೆ. ಸದ್ದೂ ಇಲ್ಲ, ಏನು ತಪ್ಪಾಯಿತೆಂಬ ಸುಳಿವೂ ಇಲ್ಲ. ಹಳೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಚೆನ್ನಾಗಿ ಹಾಡುತ್ತಿದ್ದ ಫೈಲು ಹೊಸ ಫೋನಿಗೋ ಕಾರಿನ ಸ್ಟೀರಿಯೋಗೋ ಹೋದ ಕೂಡಲೇ ಮೂಕವಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದೋ ಫೈಲಿನ ಭಾಷೆ ಪ್ಲೇಯರಿಗೆ ಬಾರದು, ಇಲ್ಲವೇ ಫೈಲಿಗೆ ನಕಲು ತಡೆಯಲು ಮಾರಿದ ಕಂಪನಿಯೇ ಹಾಕಿದ ಬೀಗ ಬಿದ್ದಿದೆ. ಹೊರಗಿನಿಂದ ನೋಡಿದರೆ ಎರಡರ ಲಕ್ಷಣವೂ ಒಂದೇ. ಮದ್ದು ಮಾತ್ರ ಪೂರ್ತಿ ಬೇರೆ. ಮೊದಲನೆಯದು ಹತ್ತು ನಿಮಿಷದ ಪರಿವರ್ತನೆಯಲ್ಲಿ ಮುಗಿಯುವ ಕೆಲಸ. ಎರಡನೆಯದಕ್ಕೆ ಒಂದರ ಮೇಲೊಂದು ಕನ್ವರ್ಟರ್ ಇಳಿಸಿಕೊಂಡು ಕೂತರೆ ದಿನ ಹಾಳು, ಜೊತೆಗೆ ಕಂಪ್ಯೂಟರಿಗೆ ಒಂದಿಷ್ಟು ಕಸ.

ಹಾಗಾಗಿ ಮೊದಲು ರೋಗ ಯಾವುದೆಂದು ನೋಡಬೇಕು. ಫೈಲಿನ ಹೆಸರಿನ ಬಾಲವನ್ನೇ, ಅಂದರೆ ಚುಕ್ಕಿಯ ನಂತರದ ಅಕ್ಷರಗಳನ್ನೇ ನಂಬಿದರೆ ಕೆಟ್ಟಿರಿ. ಎಂ4ಎ ಎಂಬುದು ಡಬ್ಬಿಯ ಹೆಸರು; ಒಳಗಿರುವುದು ಒಂದಿಷ್ಟು ಸದ್ದನ್ನು ಬಿಟ್ಟು ಕುಗ್ಗಿಸುವ ಎಎಸಿ ಆಗಿರಬಹುದು, ಏನನ್ನೂ ಬಿಡದೆ ಕುಗ್ಗಿಸುವ ಆ್ಯಪಲ್ಲಿನ ನಷ್ಟರಹಿತ ಅಲಾಕ್ ಕೂಡ ಆಗಿರಬಹುದು. ಎಎಸಿ ಓದಬಲ್ಲ ಎಷ್ಟೋ ಪ್ಲೇಯರುಗಳಿಗೆ ಅಲಾಕ್ ಬಾರದು. ಒಂದೇ ಬಾಲದ ಎರಡು ಹಾಡುಗಳಲ್ಲಿ ಒಂದು ಹಾಡಿ ಇನ್ನೊಂದು ಮುಷ್ಕರ ಹೂಡುವುದು ಇದರಿಂದಲೇ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದರೆ ಡಬ್ಬಿ ಯಾವುದು, ಒಳಗಿನ ಕೋಡೆಕ್ (ಸದ್ದನ್ನು ಕುಗ್ಗಿಸಿದ ವಿಧಾನ) ಯಾವುದು, ಬಿಟ್‌ರೇಟ್ ಎಷ್ಟು, ಸ್ಯಾಂಪಲ್ ದರ ಎಷ್ಟು ಎಂದು ಸಾಲಾಗಿ ಹೇಳುತ್ತದೆ. ಬೀಗವಿದ್ದರೆ ಅದೂ ಗೊತ್ತಾಗುತ್ತದೆ. ಆ್ಯಪಲ್ಲಿನ ಹಾಡಿನ ಅಂಗಡಿಯಾದ ಐಟ್ಯೂನ್ಸಿನ ಹಳೆಯ ಖರೀದಿಗಳ ಬಾಲ ಎಂ4ಪಿ. ಕೊನೆಯ ಪಿ ಅಂದರೆ ‘ಪ್ರೊಟೆಕ್ಟೆಡ್’. ಅದರ ಬಾಲವನ್ನು ಎಂ4ಎ ಎಂದು ಬದಲಿಸಿದರೆ ಬೀಗ ಬಿಚ್ಚುವುದಿಲ್ಲ. ಒಳಗಡೆ ಸಾಮಾನ್ಯ ಎಎಸಿ ಎಂದು ಹೇಳುವ ನಾಲ್ಕಕ್ಷರದ ಗುರುತಿನ ಬದಲು ‘ಡಿಆರ್‌ಎಂಎಸ್’ ಎಂಬ ಗುರುತು ಕೂತಿರುತ್ತದೆ, ಪ್ಲೇಯರ್ ನೋಡುವುದು ಅದನ್ನೇ. ವಿಂಡೋಸ್‌ನ ಡಬ್ಲ್ಯುಎಂಎ ಫೈಲುಗಳಲ್ಲಿ ಗೊಂದಲ ಇನ್ನೂ ಹೆಚ್ಚು: ಬೀಗವಿದ್ದರೂ ಇಲ್ಲದಿದ್ದರೂ ಬಾಲ ಒಂದೇ. ಅಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ‘ಪ್ರೊಟೆಕ್ಟೆಡ್’ ಎಂಬ ಸಾಲಿನ ಮುಂದೆ ‘ಯೆಸ್’ ಇದೆಯೇ ‘ನೋ’ ಇದೆಯೇ ಎಂದು ನೋಡದೆ ಬೇರೆ ದಾರಿಯಿಲ್ಲ.

ಬೀಗ ಅಂದೆ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಮುಂದಿನ ಅನಾಹುತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಆ್ಯಪಲ್ಲಿನ ಫೇರ್‌ಪ್ಲೇಯನ್ನೇ ತೆಗೆದುಕೊಳ್ಳಿ. ಹಾಡಿನ ಧ್ವನಿಯನ್ನು ಒಂದು ಕೀಲಿಯಿಂದ ಗೂಢಲಿಪಿಗೆ ತಿರುಗಿಸಿರುತ್ತಾರೆ. ಆ ಕೀಲಿಯನ್ನು ಅದೇ ಫೈಲಿನೊಳಗೆ ಇಟ್ಟಿರುತ್ತಾರೆ, ಆದರೆ ಬರಿದಾಗಿ ಅಲ್ಲ. ಕೊಂಡವರ ಖಾತೆಗೆ ಸೇರಿದ ಇನ್ನೊಂದು ಕೀಲಿಯಿಂದ ಅದನ್ನೂ ಮುಚ್ಚಿರುತ್ತಾರೆ. ಈ ಎರಡನೆಯ ಕೀಲಿ ಬರುವುದು ಕಂಪನಿಯ ಸರ್ವರಿನಿಂದ. ನಿಮ್ಮ ಕಂಪ್ಯೂಟರನ್ನು ‘ಆಥರೈಸ್’ ಮಾಡಿದಾಗ ಅದರ ಗುರುತು ಸರ್ವರಿಗೆ ಹೋಗುತ್ತದೆ, ಸರ್ವರು ಒಪ್ಪಿದರೆ ಕೀಲಿ ಇಳಿಯುತ್ತದೆ, ಆಮೇಲೆ ಹಾಡು ಹಾಡುತ್ತದೆ. ಅಂದರೆ ಹಾಡು ನಿಮ್ಮ ಡಿಸ್ಕಿನಲ್ಲಿ, ಕೀಲಿಗೊಂಚಲು ಪರರ ಸೊಂಟದಲ್ಲಿ. ಒಮ್ಮೆ ಇಳಿದ ಕೀಲಿ ಆ ಕಂಪ್ಯೂಟರಿನಲ್ಲಿ ಉಳಿಯುವುದರಿಂದ ದಿನನಿತ್ಯ ಏನೂ ತೊಂದರೆ ಕಾಣುವುದಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟ ದಿನ, ವಿಂಡೋಸ್ ಮತ್ತೆ ಹಾಕಿದ ದಿನ, ಹೊಸ ಕಂಪ್ಯೂಟರ್ ಬಂದ ದಿನ ಬಣ್ಣ ಬಯಲಾಗುತ್ತದೆ. ಹಾಡುಗಳನ್ನು ಜತನದಿಂದ ಬ್ಯಾಕಪ್ ತೆಗೆದಿಟ್ಟವರೂ ಅಂದು ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಅವರ ಬಳಿಯಿದ್ದದ್ದು ಬೀಗದ ಬ್ಯಾಕಪ್, ಕೀಲಿಯದ್ದಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಒಬ್ಬೊಬ್ಬರದ್ದು ಒಂದೊಂದು ಬೀಗ ಎಂಬುದೇ ದೊಡ್ಡ ತಲೆನೋವು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. 2003ರ ಏಪ್ರಿಲ್ 28ರಂದು ಐಟ್ಯೂನ್ಸ್ ಮ್ಯೂಸಿಕ್ ಸ್ಟೋರ್ ತೆರೆದಾಗ ಹಾಡೊಂದಕ್ಕೆ 99 ಸೆಂಟ್, 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಎಸಿ, ಮೇಲೆ ಫೇರ್‌ಪ್ಲೇ ಬೀಗ. ಜೇಬಿನಲ್ಲಿಟ್ಟು ಕೇಳಬೇಕೆಂದರೆ ಐಪಾಡೇ ಆಗಬೇಕು. ಮೈಕ್ರೋಸಾಫ್ಟ್ 2004ರಲ್ಲಿ ಹೊರಟಿದ್ದು ‘ಪ್ಲೇಸ್‌ಫಾರ್‌ಶೂರ್’ ಎಂಬ ಮುದ್ರೆಯೊಂದಿಗೆ. ಖಂಡಿತ ಹಾಡುತ್ತದೆ ಎಂದು ಹೆಸರಿನಲ್ಲೇ ಭರವಸೆ. ಆ ಮುದ್ರೆಯಿದ್ದ ಅಂಗಡಿಗಳ ಹಾಡುಗಳು ಆ ಮುದ್ರೆಯಿದ್ದ ಬೇರೆ ಬೇರೆ ಕಂಪನಿಗಳ ಪ್ಲೇಯರುಗಳಲ್ಲಿ ಹಾಡುತ್ತಿದ್ದವು, ಐಪಾಡಿನಲ್ಲಿ ಇಲ್ಲ. 2006ರ ನವೆಂಬರಿನಲ್ಲಿ ಅದೇ ಮೈಕ್ರೋಸಾಫ್ಟ್ ತನ್ನದೇ ಪ್ಲೇಯರ್ ಝೂನ್ ತಂದಾಗ ಅದರಲ್ಲಿ ಪ್ಲೇಸ್‌ಫಾರ್‌ಶೂರ್ ಹಾಡುಗಳು ಹಾಡಲಿಲ್ಲ. ತನ್ನ ಮುದ್ರೆಗೆ ತಾನೇ ಬೆಲೆ ಕೊಡದ ಇಂಥ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ. ಝೂನಿನಿಂದ ಝೂನಿಗೆ ಗಾಳಿಯಲ್ಲಿ ಹಾಡು ಕಳಿಸಬಹುದಿತ್ತು, ಆದರೆ ಪಡೆದವರು ಕೇಳಬಹುದಾದದ್ದು ಮೂರು ಸಲ ಅಥವಾ ಮೂರು ದಿನ. ಸೋನಿಯದ್ದು ಮೂರನೆಯ ಹಾದಿ: ಅಟ್ರ್ಯಾಕ್ ಎಂಬ ಸ್ವಂತ ಕೋಡೆಕ್, ಸೋನಿಕ್‌ಸ್ಟೇಜ್ ಎಂಬ ಸ್ವಂತ ತಂತ್ರಾಂಶ. ಅದರ ಮೊದಮೊದಲ ನೆಟ್‌ವರ್ಕ್ ವಾಕ್‌ಮನ್‌ಗಳಿಗೆ ಎಂಪಿ3 ಕೊಟ್ಟರೂ ಅದನ್ನು ಅಟ್ರ್ಯಾಕ್‌ಗೆ ತಿರುಗಿಸಿದ ಮೇಲೇ ಒಳಗೆ ಬಿಟ್ಟುಕೊಳ್ಳುತ್ತಿದ್ದವು. 2004ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಹಾರ್ಮನಿ ಎಂಬ ತಂತ್ರದಿಂದ ತನ್ನ ಅಂಗಡಿಯ ಹಾಡುಗಳನ್ನು ಐಪಾಡಿನಲ್ಲಿ ಹಾಡುವಂತೆ ಮಾಡಿದಾಗ ಆ್ಯಪಲ್ ಕೆಂಡಾಮಂಡಲವಾಯಿತು. ಆಮೇಲಿನ ಐಪಾಡ್ ಅಪ್‌ಡೇಟಿನಲ್ಲಿ ಆ ದಾರಿ ಮುಚ್ಚಿಹೋಯಿತು.

ಇನ್ನು ಅಂಗಡಿಯೇ ಮುಚ್ಚಿದರೆ? 2008ರಲ್ಲಿ ಅದೂ ಆಯಿತು. ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯನ್ನು 2006ರಲ್ಲೇ ಮುಚ್ಚಿತ್ತು. ಆಗಸ್ಟ್ 31ರ ನಂತರ ಹೊಸ ಕಂಪ್ಯೂಟರುಗಳಿಗೆ ಕೀಲಿ ಕೊಡುವುದಿಲ್ಲ ಎಂದು 2008ರ ಏಪ್ರಿಲ್‌ನಲ್ಲಿ ಗಿರಾಕಿಗಳಿಗೆ ಮಿಂಚಂಚೆ ಕಳಿಸಿತು. ಬೈಗುಳ ಬಿದ್ದ ಮೇಲೆ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿತು. ಯಾಹೂ ಮ್ಯೂಸಿಕ್ ಸೆಪ್ಟೆಂಬರ್ 30ರ ಗಡುವು ಕೊಟ್ಟು, ಕೊನೆಗೆ ಪರಿಹಾರವಾಗಿ ಕೂಪನ್ ಹಂಚಿತು. ವಾಲ್‌ಮಾರ್ಟ್ ಅಕ್ಟೋಬರ್ 9 ಅಂದಿತು, ಗಲಾಟೆ ಜೋರಾದಾಗ ಸದ್ಯಕ್ಕೆ ಇಲ್ಲ ಅಂದಿತು. ಈ ಅಂಗಡಿಗಳು ಗಿರಾಕಿಗಳಿಗೆ ಕೊಟ್ಟ ಸಲಹೆ ಸ್ವಾರಸ್ಯದ್ದು: ಹಾಡುಗಳನ್ನು ಆಡಿಯೋ ಸಿಡಿಗೆ ಬರೆದಿಟ್ಟುಕೊಳ್ಳಿ. ಆಡಿಯೋ ಸಿಡಿಯಲ್ಲಿ ಬೀಗವೇ ಇರುವುದಿಲ್ಲ. ತಾವು ಹಾಕಿದ ಬೀಗವನ್ನು ತೆಗೆಯುವ ದಾರಿಯನ್ನು ತಾವೇ ತೋರಿಸುವುದಾದರೆ ಅಷ್ಟು ವರ್ಷ ಯಾರನ್ನು ತಡೆದ ಹಾಗಾಯಿತು?

ಆ ಪ್ರಶ್ನೆಗೆ ಉತ್ತರ ಸಿಡಿಗಳಲ್ಲೇ ಇದೆ. ಆಗ ಅಂಗಡಿಗೆ ಬರುತ್ತಿದ್ದ ಬಹುಪಾಲು ಹಾಡುಗಳು ಬೀಗವಿಲ್ಲದ ಸಿಡಿಯ ರೂಪದಲ್ಲೂ ಇರುತ್ತಿದ್ದವು. ಯಾರಾದರೂ ಒಬ್ಬರು ನಕಲಿಸಿ ಹಂಚಿದರೆ ಮುಗಿಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಕಂಪನಿಗಳು ಸಿಡಿಗೂ ಬೀಗ ಹಾಕಲು ಹೊರಟವು. 2002ರಲ್ಲಿ ಬಂದ ಒಂದು ಬಗೆಯ ಸಿಡಿಯಲ್ಲಿ ಹೊರ ಅಂಚಿನ ಬಳಿ ಕಂಪ್ಯೂಟರಿನ ದಾರಿ ತಪ್ಪಿಸುವ ಸುಳ್ಳು ಡೇಟಾ ಟ್ರ್ಯಾಕ್ ಇರುತ್ತಿತ್ತು. ಆ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರೆ ಬೀಗ ಢಮಾರ್. ಮರುವರ್ಷ ಬಂದ ಇನ್ನೊಂದು ಬಗೆಯದ್ದು ವಿಂಡೋಸ್‌ನ ಆಟೋರನ್ ಮೂಲಕ ತಂತ್ರಾಂಶ ಹಾಕುತ್ತಿತ್ತು. ಸಿಡಿ ಒಳಗಿಡುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಅದು ಏಳುತ್ತಲೇ ಇರಲಿಲ್ಲ. ಇಂಥ ತಟ್ಟೆಗಳು ಸಿಡಿಯ ಮಾನಕಕ್ಕೆ ಒಪ್ಪುವುದಿಲ್ಲ, ಇವುಗಳ ಮೇಲೆ ಕಾಂಪ್ಯಾಕ್ಟ್ ಡಿಸ್ಕ್ ಚಿಹ್ನೆ ಹಾಕಬಾರದು ಎಂದು ಸಿಡಿಯನ್ನು ರೂಪಿಸಿದ ಕಂಪನಿಗಳಲ್ಲೊಂದಾದ ಫಿಲಿಪ್ಸ್ ತಕರಾರು ತೆಗೆಯಿತು. ಕೆಲವು ಕಾರ್ ಸ್ಟೀರಿಯೋಗಳಲ್ಲಿ ಇವು ಹಾಡುತ್ತಲೂ ಇರಲಿಲ್ಲ. ಹಣ ಕೊಟ್ಟು ಸಿಡಿ ತಂದವರ ಗತಿ ಇದು.

ಅತಿರೇಕ ಕಂಡದ್ದು 2005ರಲ್ಲಿ. ಸೋನಿ ಬಿಎಂಜಿಯ ಹಲವು ಸಿಡಿಗಳಲ್ಲಿದ್ದ ಎಕ್ಸ್‌ಸಿಪಿ ಎಂಬ ರಕ್ಷಣಾ ತಂತ್ರಾಂಶ ಕಂಪ್ಯೂಟರಿನೊಳಗೆ ರೂಟ್‌ಕಿಟ್ (ತನ್ನನ್ನು ತಾನೇ ಮರೆಮಾಡಿಕೊಳ್ಳುವ ತಂತ್ರಾಂಶ) ನೆಡುತ್ತಿರುವುದನ್ನು ವಿಂಡೋಸ್ ತಜ್ಞ ಮಾರ್ಕ್ ರಸಿನೋವಿಚ್ ಅಕ್ಟೋಬರ್ 31ರಂದು ಬಯಲಿಗೆಳೆದರು. ನಿರ್ದಿಷ್ಟ ಅಕ್ಷರಗಳಿಂದ ಶುರುವಾಗುವ ಯಾವ ಫೈಲನ್ನಾದರೂ ಅದು ವಿಂಡೋಸ್‌ನ ಕಣ್ಣಿಗೆ ಕಾಣದಂತೆ ಮರೆಮಾಡುತ್ತಿತ್ತು. ತನ್ನ ಫೈಲುಗಳನ್ನಷ್ಟೇ ಅಲ್ಲ, ಆ ಹೆಸರಿಟ್ಟುಕೊಂಡು ಬಂದ ಯಾರದ್ದನ್ನಾದರೂ. ಕೆಲವೇ ದಿನಗಳಲ್ಲಿ ದುಷ್ಟ ತಂತ್ರಾಂಶ ಬರೆಯುವವರು ಆ ಮರೆಯನ್ನು ಬಳಸಿಕೊಂಡರು. ಸೋನಿ ಸಿಡಿಗಳನ್ನು ವಾಪಸು ಪಡೆಯಬೇಕಾಯಿತು. ಆ ಹೊತ್ತಿಗೆ ಅದೇ ಹಾಡುಗಳನ್ನು ಕದ್ದು ಇಳಿಸಿಕೊಂಡವರ ಕಂಪ್ಯೂಟರಿಗೆ ಈ ಕಾಟ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇತಿಹಾಸ ಇಷ್ಟು ಸಾಕು. 2007ರ ಫೆಬ್ರುವರಿಯಲ್ಲಿ ಆ್ಯಪಲ್ಲಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬೀಗಗಳ ವಿರುದ್ಧ ಬಹಿರಂಗ ಪತ್ರ ಬರೆದರು. ಮೇ ತಿಂಗಳಲ್ಲಿ ಇಎಂಐ ಸಂಸ್ಥೆಯ ಹಾಡುಗಳು 256 ಕೆಬಿಪಿಎಸ್‌ನಲ್ಲಿ ಬೀಗವಿಲ್ಲದೆ ಐಟ್ಯೂನ್ಸಿಗೆ ಬಂದವು. ಸೆಪ್ಟೆಂಬರಿನಲ್ಲಿ ಅಮೆಜಾನ್ ಬರೀ ಎಂಪಿ3 ಮಾರುವ ಅಂಗಡಿ ತೆರೆಯಿತು, 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗ ಪೂರ್ತಿ ಹೋಯಿತು. ಅದಕ್ಕೆ ಮೊದಲು ಕೊಂಡ ಫೈಲುಗಳ ಬೀಗ ಮಾತ್ರ ತಾನಾಗಿ ಬಿಚ್ಚಲಿಲ್ಲ. ಅವು ಇವತ್ತಿಗೂ ಹಳೆಯ ಡಿಸ್ಕುಗಳಲ್ಲಿ ಎಂ4ಪಿಯಾಗಿಯೇ ಕೂತಿವೆ.

ಅಂಥ ಫೈಲುಗಳು ಕೈಯಲ್ಲಿದ್ದರೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲೇ ಕೆಲಸ ಶುರು ಮಾಡಬೇಕು. ಒಂದು ಖಾತೆಯ ಹಾಡುಗಳಿಗೆ ಐದು ಕಂಪ್ಯೂಟರುಗಳವರೆಗೆ ಮಾತ್ರ ಅನುಮತಿ. ಹಳೆಯದನ್ನು ಡಿಆಥರೈಸ್ ಮಾಡದೆ, ಅಂದರೆ ಅದರ ಅನುಮತಿ ರದ್ದು ಮಾಡದೆ ಒರೆಸಿಹಾಕಿದರೆ ಐದರಲ್ಲಿ ಒಂದು ಜಾಗ ಸುಮ್ಮನೆ ತುಂಬಿಕೊಂಡಿರುತ್ತದೆ. ಐದೂ ತುಂಬಿದರೆ ಖಾತೆಯ ಪುಟದಲ್ಲಿ ಎಲ್ಲವನ್ನೂ ಒಟ್ಟಿಗೆ ಅಳಿಸುವ ಗುಂಡಿಯಿದೆ. ವರ್ಷಕ್ಕೊಮ್ಮೆ ಮಾತ್ರ ಒತ್ತಲು ಬಿಡುತ್ತದೆ. ಖರೀದಿಗೆ ಬಳಸಿದ ಮಿಂಚಂಚೆ ವಿಳಾಸ ಈಗಿನದ್ದಲ್ಲದೆ ಬೇರೆಯಾಗಿದ್ದರೆ ಆ ಹಳೆಯ ಖಾತೆಯ ಗುಪ್ತಪದವೇ ಬೇಕು. ಅಲ್ಲೇ ಬಹಳ ಜನ ಮುಗ್ಗರಿಸುವುದು. ಹಾಡಿನ ಮಾಹಿತಿ ತೆರೆದರೆ ಯಾವ ಖಾತೆಯಿಂದ ಕೊಂಡದ್ದೆಂದು ಬರೆದಿರುತ್ತದೆ.

ಹಾಡು ತೆರೆಯಿತೆಂದರೆ ಮುಂದಿನದು ಸಲೀಸು. ಆ ಹಾಡು ಈಗಲೂ ಅಂಗಡಿಯಲ್ಲಿದ್ದರೆ ಐಟ್ಯೂನ್ಸ್ ಮ್ಯಾಚ್ ಸೇವೆಗೆ ಒಂದು ವರ್ಷದ ಚಂದಾ ಕಟ್ಟಿ, ಹೊಂದಿಕೆಯಾದ ಹಾಡುಗಳನ್ನು 256 ಕೆಬಿಪಿಎಸ್‌ನಲ್ಲಿ, ಬೀಗವಿಲ್ಲದೆ ಮತ್ತೆ ಇಳಿಸಿಕೊಳ್ಳಬಹುದು. ನೂರಾರು ಹಾಡುಗಳಿದ್ದವರಿಗೆ ಇದೇ ಲೇಸು. ಹಳೆಯ ಫೈಲನ್ನು ಬೇರೆಡೆ ಎತ್ತಿಟ್ಟ ಮೇಲೇ ಅಳಿಸಬೇಕು, ಹೊಸದು ಇಳಿದ ಮೇಲೆ ಅದರ ಬಾಲ ಎಂ4ಎ ಆಗಿದೆಯೇ ಎಂದು ನೋಡಬೇಕು. ಹೊಂದಿಕೆ ಸಿಗದ ಹಾಡುಗಳಿಗೆ ಉಳಿಯುವುದು ಸಿಡಿಯ ದಾರಿ.

ಇದಕ್ಕೆ ಹತ್ತಾರು ಖಾಲಿ ಸಿಡಿ ಬೇಡ. 200 ಹಾಡು, ಹಾಡಿಗೆ ನಾಲ್ಕೂವರೆ ನಿಮಿಷ ಎಂದರೆ 900 ನಿಮಿಷ. 80 ನಿಮಿಷದ ಸಿಡಿಗಳಲ್ಲಿ 12 ಕಂತು. ಅಳಿಸಿ ಬರೆಯಬಹುದಾದ ಒಂದೇ ಸಿಡಿ-ಆರ್‌ಡಬ್ಲ್ಯು ಹನ್ನೆರಡು ಕಂತಿಗೂ ಸಾಕು. ಈಗಿನ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇರುವುದಿಲ್ಲವಾದ್ದರಿಂದ ಯುಎಸ್‌ಬಿಯ ಹೊರಗಿನ ಡ್ರೈವ್ ಬೇಕು. ಐಟ್ಯೂನ್ಸ್ ತಂತ್ರಾಂಶದಲ್ಲಿ 75 ನಿಮಿಷ ಮೀರದ ಪ್ಲೇಲಿಸ್ಟ್ ಮಾಡಿ, ಸಿಡಿಗೆ ಬರೆಯುವ ಬರ್ನ್ ಆಯ್ಕೆಯಲ್ಲಿ ‘ಆಡಿಯೋ ಸಿಡಿ’ ಎಂಬುದನ್ನೇ ಆರಿಸಬೇಕು. ‘ಎಂಪಿ3 ಸಿಡಿ’ ಆರಿಸಿದರೆ ಬೀಗದ ಹಾಡುಗಳನ್ನು ಬಿಟ್ಟುಬಿಡುತ್ತದೆ. ಹಾಡುಗಳ ನಡುವಿನ ಅಂತರ ಮೊದಲೇ ಎರಡು ಸೆಕೆಂಡಿಗೆ ನಿಗದಿಯಾಗಿರಬಹುದು, ಅದನ್ನು ‘ನನ್’ (ಅಂತರವಿಲ್ಲ) ಮಾಡಿ. ಸಿಡಿ-ಟೆಕ್ಸ್ಟ್ ಸೇರಿಸುವ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ವಾಪಸು ತೆಗೆಯುವಾಗ ‘ಟ್ರ್ಯಾಕ್ 01, ಟ್ರ್ಯಾಕ್ 02’ ಎಂದು ಬಂದು 200 ಹೆಸರುಗಳನ್ನು ಕೈಯಾರೆ ಕುಟ್ಟಬೇಕಾದೀತು. ಬೀಗದ ಹಾಡಿರುವ ಒಂದೇ ಪ್ಲೇಲಿಸ್ಟನ್ನು ಏಳು ಸಲಕ್ಕಿಂತ ಹೆಚ್ಚು ಬರೆಯಲು ಬಿಡುವುದಿಲ್ಲ. ಬರವಣಿಗೆ ಅರ್ಧಕ್ಕೆ ನಿಂತರೆ ವೇಗ ಇಳಿಸಿ ನೋಡಿ.

ಸಿಡಿಯಿಂದ ವಾಪಸು ತೆಗೆಯುವಾಗ ಯಾವ ರೂಪಕ್ಕೆ ತರಬೇಕು? ಇಲ್ಲಿ ಎಂಪಿ3 ಆರಿಸುವುದು ಸಾಮಾನ್ಯ ತಪ್ಪು. 128ರ ಎಎಸಿ ಒಮ್ಮೆ ಕಿವಿಗೆ ಕೇಳದೆಂದು ಭಾವಿಸಿದ ಸದ್ದನ್ನು ಎಸೆದಾಗಿದೆ. ಎಂಪಿ3 ತನ್ನ ಬೇರೆಯೇ ಲೆಕ್ಕದಲ್ಲಿ ಇನ್ನೊಂದಿಷ್ಟು ಎಸೆಯುತ್ತದೆ. ಎರಡು ಜರಡಿಗಳಲ್ಲಿ ಸೋಸಿದ ಮೇಲೆ ತಾಳದ ಕಿಣಿಕಿಣಿ, ಚಪ್ಪಾಳೆ, ಸಕಾರದ ಸದ್ದುಗಳು ನೀರೊಳಗಿನಿಂದ ಬಂದಂತೆ ಕೇಳುತ್ತವೆ. ನಷ್ಟರಹಿತ ರೂಪವಾದ ಫ್ಲ್ಯಾಕ್‌ಗೆ ತೆಗೆದರೆ ಸಿಡಿಯಲ್ಲಿ ಇದ್ದದ್ದು ಇದ್ದಂತೆ ಉಳಿಯುತ್ತದೆ. ಬೆಲೆಯೇನೆಂದರೆ ಜಾಗ: ನಾಲ್ಕೂವರೆ ನಿಮಿಷದ 4 ಎಂಬಿ ಫೈಲು 25 ಎಂಬಿಯ ಆಸುಪಾಸಿಗೆ ಉಬ್ಬುತ್ತದೆ, ಗುಣಮಟ್ಟ ಮಾತ್ರ ಹಳೆಯ 128ರದ್ದೇ. ಹೋದ ಸದ್ದು ಯಾವ ಪೆಟ್ಟಿಗೆಯಲ್ಲಿ ಹಾಕಿದರೂ ಮರಳುವುದಿಲ್ಲ. 200 ಹಾಡಿಗೆ 5 ಜಿಬಿ. ಈಗಿನ ಡಿಸ್ಕುಗಳ ಲೆಕ್ಕದಲ್ಲಿ ಅದೇನು ದೊಡ್ಡದಲ್ಲ.

ಬೀಗವನ್ನೇ ನೇರವಾಗಿ ಮುರಿಯುವ ತಂತ್ರಾಂಶಗಳ ವಿಷಯ ಬೇರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋದ 1996ರ ಕಾಪಿರೈಟ್ ಒಪ್ಪಂದದ ಬೆನ್ನಿಗೆ ಅನೇಕ ದೇಶಗಳು ಅದಕ್ಕೆ ಕಾನೂನಿನ ತಡೆ ಹಾಕಿವೆ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ 1201ನೇ ವಿಭಾಗದಲ್ಲಿ ಹಾಡು ನೀವೇ ಕೊಂಡದ್ದೆಂಬುದು ತಾನಾಗಿ ವಿನಾಯಿತಿ ಆಗುವುದಿಲ್ಲ. ಸಿಡಿಗೆ ಬರೆಯುವುದು ಅಂಗಡಿಯೇ ಕೊಟ್ಟ ಸೌಲಭ್ಯ, ಆ ತಕರಾರಿಗೆ ಅಲ್ಲಿ ಎಡೆ ಕಡಿಮೆ.

ಬೀಗ ಹೋಯಿತು ಅಂದುಕೊಂಡದ್ದು ಸ್ಟ್ರೀಮಿಂಗ್ ರೂಪದಲ್ಲಿ ಮರಳಿದೆ. ಸ್ಪಾಟಿಫೈನಲ್ಲಿ ‘ಡೌನ್‌ಲೋಡ್’ ಒತ್ತಿದಾಗ ಇಳಿಯುವುದು ಗೂಢಲಿಪಿಯ ತುಣುಕುಗಳು. 5 ಸಾಧನ, ಸಾಧನಕ್ಕೆ 10,000 ಹಾಡು, 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಬಂದು ಹಾಜರಿ ಹಾಕಬೇಕು. ಇದರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬಾಡಿಗೆ ಬಾಡಿಗೆಯೇ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಕೊಂಡದ್ದನ್ನೂ ಬಾಡಿಗೆಯದ್ದನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ತೋರಿಸುವ ಆ್ಯಪುಗಳು ಮಾತ್ರ ಅಪಾಯಕಾರಿ. ಆ್ಯಪಲ್ ಮ್ಯೂಸಿಕ್ 2016ರವರೆಗೂ ನಿಮ್ಮದೇ ಹಾಡಿಗೆ ಹೊಂದುವ ಪ್ರತಿಯನ್ನು ಇಳಿಸುವಾಗ ಬೀಗದ್ದನ್ನೇ ಕೊಡುತ್ತಿತ್ತು. ಕ್ಲೌಡಿನಲ್ಲಿ ಇದೆಯಲ್ಲ ಎಂದು ಮೂಲವನ್ನು ಅಳಿಸಿದವರಿಗೆ ಚಂದಾ ನಿಲ್ಲಿಸಿದ ತಿಂಗಳು ಸತ್ಯ ತಿಳಿಯುತ್ತಿತ್ತು. ಇಟ್ಟುಕೊಳ್ಳಲೇಬೇಕಾದ ಹಾಡನ್ನು ಫೈಲಾಗಿ ಕೊಳ್ಳಿ: ಬ್ಯಾಂಡ್‌ಕ್ಯಾಂಪ್, ಕೋಬಜ್ ಅಂಗಡಿಗಳಲ್ಲಿ ಫ್ಲ್ಯಾಕ್ ಸಿಗುತ್ತದೆ, ಐಟ್ಯೂನ್ಸಿನಲ್ಲಿ 256ರ ಎಎಸಿ. ಐಟ್ಯೂನ್ಸಿನ ಈ ಫೈಲಿಗೆ ಬೀಗವಿಲ್ಲ, ಆದರೆ ಕೊಂಡವರ ಹೆಸರೂ ಖಾತೆಯ ವಿಳಾಸವೂ ಒಳಗೆ ಅಚ್ಚಾಗಿರುತ್ತದೆ. ಹಂಚುವ ಮುನ್ನ ನೆನಪಿರಲಿ.

ಇನ್ನು ಮೊದಲ ಬಗೆಯ ರೋಗ, ಬೀಗವಿಲ್ಲದಿದ್ದರೂ ಹಾಡದ ಫೈಲು. ಫ್ಲ್ಯಾಕ್ ಪ್ರತಿಯನ್ನು ಮೂಲವಾಗಿಟ್ಟು, ಪ್ಲೇಯರಿಗೆ ಬೇಕಾದಾಗ ಅದರಿಂದ ಎಂಪಿ3 ತೆಗೆಯುವುದು ಸರಿಯಾದ ಕ್ರಮ. ಎಂಪಿ3ಯಿಂದ ಎಎಸಿ, ಎಎಸಿಯಿಂದ ಡಬ್ಲ್ಯುಎಂಎ ಎಂದು ತಿರುಗಿಸುತ್ತ ಹೋಗಬಾರದು. ಎಂಪಿ3 ತಯಾರಿಸುವ ಲೇಮ್ ಎನ್‌ಕೋಡರಿನ ವಿ-2 ದರ್ಜೆ ಸರಾಸರಿ 190 ಕೆಬಿಪಿಎಸ್ ಕೊಡುತ್ತದೆ, ಓಡುವ ಕಾರಿಗೆ ಅದು ಧಾರಾಳ. ಎಂಪಿ3ಯ ಪೇಟೆಂಟ್ ಪರವಾನಗಿಯೂ 2017ರಲ್ಲಿ ಮುಗಿದಿರುವುದರಿಂದ ಅದನ್ನು ಓದದ ಪ್ಲೇಯರ್ ಈಗ ಇಲ್ಲವೆಂದೇ ಹೇಳಬಹುದು. ಆದರೂ ಕಾರ್ ಸ್ಟೀರಿಯೋ ಹಾಡದಿದ್ದರೆ ತಪ್ಪು ಪೆನ್‌ಡ್ರೈವಿನದ್ದಿರಬಹುದು. ಡ್ರೈವಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಗಳಲ್ಲಿ ಫ್ಯಾಟ್32 ಮಾತ್ರ ಓದುವ ಸ್ಟೀರಿಯೋಗೆ ಎಕ್ಸ್‌ಫ್ಯಾಟ್ ಕೊಟ್ಟರೆ ಖಾಲಿ ಎನ್ನುತ್ತದೆ. ಫ್ಯಾಟ್32ರಲ್ಲೂ ಹಲವು ಸ್ಟೀರಿಯೋಗಳು ಅಕಾರಾದಿಯಾಗಿ ಹಾಡುವುದಿಲ್ಲ, ಡ್ರೈವಿಗೆ ಯಾವುದು ಮೊದಲು ಹೋಯಿತೋ ಅದನ್ನೇ ಮೊದಲು ಹಾಡುತ್ತವೆ. ಕ್ರಮ ಬೇಕಿದ್ದರೆ ಡ್ರೈವ್ ಅಳಿಸಿ ಒಂದೊಂದೇ ಫೋಲ್ಡರನ್ನು ಸರದಿಯಲ್ಲಿ ಹಾಕಬೇಕು. ಮುಖಪುಟದ ಚಿತ್ರ 500 ಪಿಕ್ಸೆಲ್ ಚೌಕದ ಸಾದಾ ಜೆಪೆಗ್ ಆಗಿದ್ದರೆ ಸಾಕು, ದೊಡ್ಡದಾದರೆ ಕೆಲವು ಪ್ಲೇಯರುಗಳು ಒದ್ದಾಡುತ್ತವೆ.

ಕನ್ನಡದಲ್ಲಿ ಹೆಸರು ಬರೆದಿಡುವವರಿಗೆ ಇನ್ನೊಂದು ತೊಡಕಿದೆ. ಎಂಪಿ3ಯೊಳಗೆ ಹಾಡಿನ ಹೆಸರು, ವಿವರ ಹಿಡಿದಿಡುವ ಐಡಿ3 ಟ್ಯಾಗಿನ ಹಳೆಯ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ ಇರುವುದು 30 ಬೈಟ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕೃಷ್ಣ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಒಳಗೆ ಕ, ವಟ್ರಸುಳಿ, ಷ, ಹಲಂತ, ಣ ಎಂದು ಐದು ಸಂಕೇತ, 15 ಬೈಟ್. ಆ ಟ್ಯಾಗಿನ ಅರ್ಧ ಜಾಗ ಅಲ್ಲಿಗೇ ಮುಗಿಯಿತು. ಉಳಿದದ್ದು ಮಧ್ಯದಲ್ಲಿ ತುಂಡಾಗಿ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಯುಟಿಎಫ್-8 ಒಪ್ಪುವ 2.4 ಆವೃತ್ತಿಯನ್ನು ಅನೇಕ ಕಾರ್ ಸ್ಟೀರಿಯೋಗಳು ಓದುವುದಿಲ್ಲ. ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ 2.3 ಆವೃತ್ತಿ, ಯುಟಿಎಫ್-16 ಎಂದು ಆರಿಸಿ ಉಳಿಸಿದರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಅಷ್ಟಾದ ಮೇಲೂ ಪರದೆಯಲ್ಲಿ ಖಾಲಿ ಚೌಕಗಳು ಬಂದರೆ ಅದರೊಳಗೆ ಕನ್ನಡದ ಫಾಂಟೇ ಇಲ್ಲವೆಂದರ್ಥ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಕೂತರೆ ಫಾಂಟ್ ಇದೆ, ಜೋಡಿಸುವ ಜಾಣ್ಮೆಯಿಲ್ಲ. ಎರಡರಲ್ಲಿ ಯಾವುದಾದರೂ ಆ ಸ್ಟೀರಿಯೋದ ಡ್ರೈವಿಗೆ ಹೋಗುವ ಎಂಪಿ3 ಪ್ರತಿಗಳ ಟ್ಯಾಗನ್ನಷ್ಟೇ ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ, ಮೂಲದ ಫ್ಲ್ಯಾಕ್‌ನಲ್ಲಿ ಕನ್ನಡ ಹಾಗೇ ಇರಲಿ.